ಅಸ್ಸಾಮಿನ ಖೊರಿಕಾ ಮನೆಯಲ್ಲಿ ಮಾಡಿದವರು ಯಾರಾದ್ರೂ ಇದ್ದೀರಾ? ನನ್ನದು ಹೊರಗೆ ಇದ್ದಿಲು, ಒಳಗೆ ಹಸಿ

ಮೂರನೇ_ಮಹಡಿ

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣ ಅಸ್ಸಾಮಿನ ಧೇಮಾಜಿ ಕಡೆಯವರು. ಹೋದ ತಿಂಗಳು ಒಂದು ಭಾನುವಾರ ತಮ್ಮ ರೂಮಿನ ಹಿಂದೆ ಇಟ್ಟಿಗೆ ಜೋಡಿಸಿಕೊಂಡು ಕೋಳಿ ಸುಡುತ್ತಿದ್ದರು. ಆ ವಾಸನೆಗೆ ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಕೆಳಗಿಳಿದೆ. ಒಂದು ಕಡ್ಡಿ ಕೊಟ್ಟರು. ಮೇಲೆ ನಿಂಬೆಹಣ್ಣು ಹಿಂಡಿದರು, ಅಷ್ಟೇ. ಕೆಂಪು ಬಣ್ಣ ಇಲ್ಲ, ಮಸಾಲೆಯ ಲೇಪ ಇಲ್ಲ, ನೋಡಿದರೆ ಬೇಯಿಸಿದ ಕೋಳಿಯ ಹಾಗೆ ಪೇಲವ. ಬಾಯಿಗಿಟ್ಟರೆ ಹೊಗೆ, ಶುಂಠಿ, ಆಮೇಲೆ ಮೂಗಿಗೆ ಹತ್ತುವ ಒಂದು ಘಾಟು. ಅದು ಸಾಸಿವೆ ಎಣ್ಣೆಯದಂತೆ.

ಹೆಸರು ಕೇಳಿದೆ. "ಖೊರಿಕಾ" ಅಂದರು. ಏನೇನು ಹಾಕುತ್ತೀರಿ ಅಂದರೆ ಐದು ಬೆರಳು ತೋರಿಸಿ ಐದು ಹೆಸರು ಹೇಳಿದರು. ಉಪ್ಪು, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಎಣ್ಣೆ. ಇಷ್ಟು ಸುಲಭ ಇದ್ದರೆ ನಾನೂ ಮಾಡಬಲ್ಲೆ ಅಂದುಕೊಂಡೆ.

ಮಾಡಿದೆ. ಬಾಲ್ಕನಿಯಲ್ಲಿ, ಸಣ್ಣ ಕಬ್ಬಿಣದ ಒಲೆಯಲ್ಲಿ. ಹತ್ತು ಕಡ್ಡಿಯಲ್ಲಿ ಆರು ಮಧ್ಯದಲ್ಲೇ ಸುಟ್ಟು ಮುರಿದವು. ಮಾಂಸ ಹೊರಗೆ ಕರ್ರಗೆ, ಕಚ್ಚಿದರೆ ಒಳಗೆ ಗುಲಾಬಿ. ಮಗಳು "ಅಪ್ಪ, ಇದು ಇನ್ನೂ ಬದುಕಿದೆ" ಅಂದಳು. ಕೊನೆಗೆ ಎಲ್ಲವನ್ನೂ ಬಿಚ್ಚಿ ಈರುಳ್ಳಿ ಹಾಕಿ ಸಾರು ಮಾಡಿ ಮರ್ಯಾದೆ ಉಳಿಸಿಕೊಂಡೆ.

ಎಲ್ಲಿ ತಪ್ಪಿದೆ? ಸೆಕ್ಯುರಿಟಿ ಅಣ್ಣ ಈಗ ಊರಿಗೆ ಹೋಗಿದ್ದಾರೆ. ಬರುವುದು ಸಂಕ್ರಾಂತಿ ಆದ ಮೇಲೆ. ಅಷ್ಟರೊಳಗೆ ಕಲಿತು ಅವರಿಗೇ ತಿನ್ನಿಸಬೇಕು ಅಂತ ಆಸೆ.

ಮಂಡ್ಯದ_ಹೈದ

ಗುರುವೇ, ಐದೇ ಐದು ಸಾಮಾನು ಅಂದರೆ ಅವರು ನಿಮಗೆ ಅರ್ಧ ಗುಟ್ಟು ಹೇಳಿ ಅರ್ಧ ಮುಚ್ಚಿಟ್ಟಿದ್ದಾರೆ. ಸ್ವಲ್ಪ ಗಟ್ಟಿ ಮೊಸರು, ಧನಿಯಾ, ಗರಂ ಮಸಾಲೆ, ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ ಹಾಕಿ ರಾತ್ರಿಯೆಲ್ಲಾ ನೆನೆಸಿ. ಆಮೇಲೆ ಹೇಳಿ.

ಜೋರ್ಹಾಟ್_ಎರಡು_ವರ್ಷ

ಹೈದ ಅವರೇ, ನೀವು ಹೇಳಿದ್ದು ಚೆನ್ನಾಗಿಯೇ ಇರುತ್ತದೆ. ಆದರೆ ಅದು ತಂದೂರಿ ಟಿಕ್ಕಾದ ತಮ್ಮ. ಖೊರಿಕಾ ಅಲ್ಲ.

ನಾನು ಜೋರ್ಹಾಟಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದೆ. ಅಲ್ಲಿಗೆ ಹೋದ ಮೊದಲ ವಾರ ನಾನೂ ಇದೇ ಕೇಳಿದ್ದೆ, "ಮಸಾಲೆ ಎಲ್ಲಿ?" ಅಂತ. ಹಾಸ್ಟೆಲ್ ಗೆಳೆಯ ನಕ್ಕು ಬೆಂಕಿಯ ಕಡೆ ಕೈ ತೋರಿಸಿದ. ಅಲ್ಲಿನ ಅಡುಗೆಯಲ್ಲಿ ಹುರಿದು ಪುಡಿ ಮಾಡುವ ಮಸಾಲೆ ಬಹಳ ಕಡಿಮೆ. ಸುಡುವುದು, ಬೇಯಿಸುವುದು, ಎಲೆಯಲ್ಲಿ ಸುತ್ತುವುದು, ಬಿದಿರಿನ ಕೊಳವೆಗೆ ತುಂಬಿ ಕೆಂಡದ ಮೇಲಿಡುವುದು. ರುಚಿ ಬರುವುದು ಆ ವಿಧಾನದಿಂದಲೇ.

ಖೊರಿಕಾ ಅಂದರೆ ಮೊದಲಿಗೆ ಆ ಬಿದಿರಿನ ಕಡ್ಡಿ. ಕಡ್ಡಿಗೆ ಚುಚ್ಚಿ ಸುಟ್ಟದ್ದಕ್ಕೂ ಅದೇ ಹೆಸರು ನಿಂತಿದೆ. ಕೋಳಿ ಆದರೆ ಕುಕುರಾ ಖೊರಿಕಾ, ಹಂದಿ ಆದರೆ ಗಾಹೊರಿ ಖೊರಿಕಾ. ಪಾರಿವಾಳ, ಮೀನು ಕೂಡ ಹೀಗೇ ಸುಡುತ್ತಾರೆ.

ನಾನು ಮಾಡುವ ಅಳತೆ ಇದು. ಮೂಳೆ ತೆಗೆದ ತೊಡೆ ಮಾಂಸ 750 ಗ್ರಾಂ. ಎದೆ ಭಾಗ ಬೇಡ, ಕೆಂಡದ ಮೇಲೆ ಹತ್ತಿಯಾಗುತ್ತದೆ. ಒಂದು ಇಂಚಿನ ತುಂಡುಗಳು, ಅದಕ್ಕಿಂತ ದಪ್ಪ ಬೇಡ. ಹೆಬ್ಬೆರಳು ಗಾತ್ರದ ಎರಡು ತುಂಡು ಶುಂಠಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ನಾಲ್ಕೈದು ಹಸಿಮೆಣಸು. ಇವನ್ನು ಒರಳಲ್ಲಿ ಜಜ್ಜಿ, ಮಿಕ್ಸಿಗೆ ಹಾಕಬೇಡಿ. ನುಣ್ಣಗೆ ರುಬ್ಬಿದರೆ ಆ ಪೇಸ್ಟ್ ಮೊದಲು ಸುಟ್ಟು ಕಹಿಯಾಗುತ್ತದೆ, ಜಜ್ಜಿದರೆ ರಸ ಮಾಂಸಕ್ಕೆ ಹೋಗುತ್ತದೆ, ನಾರನ್ನು ಒರೆಸಿ ತೆಗೆಯಬಹುದು. ಉಪ್ಪು ಎರಡು ಸಣ್ಣ ಚಮಚ. ಸಾಸಿವೆ ಎಣ್ಣೆ ಎರಡು ದೊಡ್ಡ ಚಮಚ, ಹಸಿಯಾಗಿಯೇ, ಕಾಯಿಸದೆ. ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ನಿಂಬೆರಸ ಈಗ ಬೇಡ, ಕೊನೆಗೆ. ಮೊದಲೇ ಹಾಕಿಟ್ಟರೆ ಮಾಂಸದ ಮೇಲ್ಮೈ ಸುಣ್ಣದ ಹಾಗಾಗುತ್ತದೆ.

ಅಲ್ಲಿನ ನಿಂಬೆ ಬೇರೆ. ಕಾಜಿ ನೆಮು ಅಂತಾರೆ. ಉದ್ದಕ್ಕೆ, ಮೊಟ್ಟೆಯನ್ನು ಎಳೆದ ಹಾಗೆ, ಸಿಪ್ಪೆಗೇ ಒಂದು ಪರಿಮಳ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು, 2024ರಲ್ಲಿ ಅಸ್ಸಾಮಿನ ರಾಜ್ಯದ ಹಣ್ಣು ಅಂತ ಘೋಷಿಸಿದರು. ನಮ್ಮ ಗಜನಿಂಬೆ ಸಿಕ್ಕರೆ ಅದರ ಸಿಪ್ಪೆ ಸ್ವಲ್ಪ ತುರಿದು ಹಾಕಿ, ಅಷ್ಟಕ್ಕಷ್ಟೇ ಹತ್ತಿರ ಬರುತ್ತದೆ.

ಕೊಡಗಿನ_ಮಳೆ

ನಮ್ಮಲ್ಲಿ ಒಬ್ಬರು ಅಸ್ಸಾಮಿಂದ ಬಂದವರು ಖೊರಿಕಾ ಅಂತ ಒಂದು ಬಾಟಲಿ ಕೊಟ್ಟಿದ್ದರು. ಅದರಲ್ಲಿ ಹುಳಿ ಬಂದ ಕಣಿಲೆ ಇತ್ತು. ಅದನ್ನು ಹಾಕಿ ಸುಡಬೇಕಾ? ಕಡ್ಡಿಯ ಮಾತೇ ಬರಲಿಲ್ಲ.

ಜೋರ್ಹಾಟ್_ಎರಡು_ವರ್ಷ

ಅದು ಖೊರಿಸಾ! ಒಂದೇ ಅಕ್ಷರ ವ್ಯತ್ಯಾಸ. ಹುಳಿ ಬರಿಸಿದ ಎಳೆ ಬಿದಿರು. ಅವರು ಬರೆಯುವುದು ಚ, ಓದುವುದು ಸ. ನಾನೂ ಮೊದಲು ಅಂಗಡಿಗೆ ಹೋಗಿ ಖೊರಿಕಾ ಕೊಡಿ ಅಂದು ಕಣಿಲೆ ಬದಲು ಕಡ್ಡಿ ಕಟ್ಟು ತಂದಿದ್ದೇನೆ.

ಎರಡೂ ಬಿದಿರೇ ನೋಡಿ. ಎಳೆಯದಾದರೆ ಉಪ್ಪಿನಕಾಯಿಯ ಹಾಗೆ ಬಾಟಲಿಗೆ, ಬಲಿತರೆ ಸೀಳಿ ಕಡ್ಡಿಗೆ.

ನಿಮ್ಮ ಬಾಟಲಿ ಎಸೆಯಬೇಡಿ. ಒಂದು ಚಮಚ ಖೊರಿಸಾ ಜಜ್ಜಿ ಮಾಂಸಕ್ಕೆ ಕಲಸಿ ಸುಡುವವರೂ ಇದ್ದಾರೆ, ಹಂದಿಗೆ ಜಾಸ್ತಿ. ಆಗ ಬೆಳ್ಳುಳ್ಳಿ ಕಡಿಮೆ ಮಾಡಿ. ಆದರೆ ಮನೆಯ ಹಸಿ ಕಣಿಲೆಯನ್ನು ನೇರ ಹಾಕಬೇಡಿ. ನೀವು ಕೊಡಗಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ, ನೀರು ಬದಲಿಸಿ ಮೂರು ದಿನ ನೆನೆಸದೆ ಯಾರೂ ಮುಟ್ಟುವುದಿಲ್ಲ ಅಲ್ವಾ.

ಕೊಡಗಿನ_ಮಳೆ

ನೆನೆಸದೆ ತಿಂದರೆ ಏನಾಗುತ್ತದೆ ಅಂತ ಅಜ್ಜಿ ಹೆದರಿಸಿದ್ದು ಇನ್ನೂ ನೆನಪಿದೆ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ ಅಂತ ಓದಿದ್ದು ಆಮೇಲೆ.

ಇನ್ನೊಂದು ಪ್ರಶ್ನೆ. ನಿಂಬೆ ಬದಲು ಕಾಚಂಪುಳಿ ಹಚ್ಚಿದರೆ?

ನಗಾಂವ್_ಸೊಸೆ

ಹಚ್ಚಿ, ಆದರೆ ಕೊನೆಗೆ, ಎರಡೇ ಹನಿ. ನಾನು ಶಿವಮೊಗ್ಗದವಳು, ಮದುವೆಯಾಗಿ ಹೋದದ್ದು ಅಸ್ಸಾಮಿನ ನಗಾಂವ್ ಮನೆಗೆ. ಅತ್ತೆ ಮನೆಯಲ್ಲಿ ಥೆಕೆರಾ ಅಂತ ಒಣಗಿಸಿದ ಹುಳಿ ಹೋಳುಗಳ ಡಬ್ಬಿ ಇರುತ್ತದೆ. ಮೊದಲ ಸಲ ಮೂಸಿ ನೋಡಿ "ಇದು ನಮ್ಮ ಮುರುಗಲು!" ಅಂತ ಕಿರುಚಿದ್ದೆ. ಪೂರ್ತಿ ಅದೇ ಅಲ್ಲ, ಆದರೆ ಥೆಕೆರಾ, ಮುರುಗಲು, ಉಪ್ಪಾಗೆ, ನಿಮ್ಮ ಕಾಚಂಪುಳಿಯ ಹಣ್ಣು ಎಲ್ಲವೂ ಒಂದೇ ಕುಟುಂಬದ ಮರಗಳು. ಹಾಗಾಗಿ ಕಾಚಂಪುಳಿ ಅಲ್ಲಿ ಹೊರಗಿನದು ಅನ್ನಿಸುವುದಿಲ್ಲ.

ಐದು ಸಾಮಾನಿನ ಮಾತಿಗೆ ಬಂದರೆ, ನಮ್ಮ ಮನೆಯಲ್ಲಿ ಚಿಟಿಕೆ ಅರಿಶಿನ ಬೀಳುತ್ತದೆ. ಪಕ್ಕದ ಮನೆಯವರು ಹಾಕುವುದಿಲ್ಲ. ಅತ್ತೆಯ ತವರಿನಲ್ಲಿ ಕರಿ ಎಳ್ಳು ಹುರಿದು ಅರೆದು ಹಚ್ಚುತ್ತಾರಂತೆ. ಮಿಸಿಂಗ್, ಕಾರ್ಬಿ, ಬೋಡೊ, ಆಹೋಂ ಅಂತ ಅಲ್ಲಿನ ಒಂದೊಂದು ಸಮುದಾಯದ ಮನೆಗಳಲ್ಲಿ ಒಂದೊಂದು ಥರ. ಯಾರಾದರೂ "ಇದೇ ಅಸಲಿ" ಅಂದರೆ ಅವರ ಅಜ್ಜಿ ಮನೆಯದ್ದು ಅಸಲಿ ಅಂತ ಅರ್ಥ ಮಾಡಿಕೊಳ್ಳಿ. ಆದರೆ ಗರಂ ಮಸಾಲೆ ಹಾಕಿ ಕಡ್ಡಿಗೆ ಚುಚ್ಚಿದ್ದನ್ನು ನಾನು ಅಲ್ಲಿನ ಯಾವ ಹಳ್ಳಿ ಮನೆಯಲ್ಲೂ ನೋಡಿಲ್ಲ.

ನಾನು ಖೊರಿಕಾ ಮೊದಲು ತಿಂದದ್ದು ಉರುಕಾ ರಾತ್ರಿ. ಮಾಘ ಬಿಹುವಿನ ಹಿಂದಿನ ರಾತ್ರಿ, ಅಂದರೆ ನಮ್ಮ ಸಂಕ್ರಾಂತಿ ಹೊತ್ತು. ಗದ್ದೆ ಕೊಯ್ಲಾಗಿರುತ್ತದೆ. ಆ ಬಯಲಲ್ಲೇ ಹುಡುಗರು ಬಿದಿರು, ಹುಲ್ಲು ಸೇರಿಸಿ ಭೇಲಾಘರ್ ಅಂತ ಗುಡಿಸಲು ಕಟ್ಟುತ್ತಾರೆ. ರಾತ್ರಿಯೆಲ್ಲಾ ಅದರಲ್ಲೇ ಅಡುಗೆ, ಊಟ, ಹಾಡು. ಬೆಳಿಗ್ಗೆ ಮಿಂದು ಬಂದು ಮೇಜಿ ಅನ್ನುವ ಕಟ್ಟಿಗೆ, ಬಿದಿರಿನ ಗೋಪುರಕ್ಕೆ ಬೆಂಕಿ ಇಡುತ್ತಾರೆ, ಗುಡಿಸಲನ್ನೂ ಸುಡುತ್ತಾರೆ. ಮಂಜು ಎಷ್ಟೆಂದರೆ ಪಕ್ಕದ ಗದ್ದೆಯ ಬೆಂಕಿ ಬರೀ ಒಂದು ಕೆಂಪು ಚುಕ್ಕೆ. ನನ್ನ ಭಾವ ಮಂಡಿಯೂರಿ ಕೂತು ಕಡ್ಡಿ ತಿರುಗಿಸುತ್ತಿದ್ದ. ಪ್ರತಿ ಸಲ ತಿರುಗಿಸುವಾಗ ಒಂದು ಹನಿ ಕೊಬ್ಬು ಕೆಂಡಕ್ಕೆ ಬಿದ್ದು "ಚುಸ್" ಅನ್ನುತ್ತಿತ್ತು. ಆ ಸದ್ದು ನಿಂತಾಗ "ಹೊಲ್" ಅಂದ. ಆಯಿತು ಅಂತ. ಗಡಿಯಾರ ಇಲ್ಲ, ಏನಿಲ್ಲ.

ಹುಬ್ಬಳ್ಳಿ_ಕೆಂಡ

ಆ ಚುಸ್ ಸದ್ದಿನ ಮಾತು ಖರೇ ಐತ್ರೀ. ನಾನು ಹನ್ನೆರಡು ವರ್ಷದಿಂದ ಸಂಜೆ ಗಾಡಿಯಲ್ಲಿ ಕಬಾಬ್ ಸುಡುತ್ತೇನೆ. ಅಸ್ಸಾಂ ನೋಡಿಲ್ಲ, ಕೆಂಡ ನೋಡಿದ್ದೇನೆ. ಮೂರನೇ ಮಹಡಿಯವರ ತಪ್ಪು ಮಸಾಲೆಯಲ್ಲಿಲ್ಲ, ಬೆಂಕಿಯಲ್ಲಿದೆ.

ನೀವು ಉರಿಯ ಮೇಲೆ ಇಟ್ಟಿದ್ದೀರಿ. ಇದ್ದಿಲು ಹೊತ್ತಿದ ಕೂಡಲೇ ಸುಡಬಾರದು. ಕಪ್ಪು ಹೋಗಿ ಮೇಲೆ ಬೂದಿ ಹೊದ್ದುಕೊಳ್ಳಬೇಕು, ವಿಭೂತಿ ಹಚ್ಚಿದ ಹಾಗೆ. ಅದಕ್ಕೆ ಇಪ್ಪತ್ತೈದು ನಿಮಿಷ ಬೇಕೇ ಬೇಕು. ಆಗ ಅಂಗೈಯನ್ನು ಕೆಂಡದಿಂದ ಒಂದು ಗೇಣು ಮೇಲೆ ಹಿಡಿಯಿರಿ. ಒಂದು, ಎರಡು ಅಂತ ಎಣಿಸಿ. ನಾಲ್ಕಕ್ಕೋ ಐದಕ್ಕೋ ಕೈ ತೆಗೆಯಬೇಕು ಅನ್ನಿಸಿದರೆ ಹದ ಸರಿ. ಎರಡಕ್ಕೇ ತೆಗೆದರೆ ಜಾಸ್ತಿ ಕಾವು, ಕೆಂಡ ಸ್ವಲ್ಪ ಹರಡಿ. ಎಂಟರವರೆಗೂ ಹಿಡಿದರೆ ಆರಿದೆ, ಹೊಸ ಇದ್ದಿಲು ಪಕ್ಕದಲ್ಲಿ ಹೊತ್ತಿಸಿ ಸೇರಿಸಿ, ಮಾಂಸದ ಕೆಳಗೆ ಕಪ್ಪು ಇದ್ದಿಲು ಹಾಕಬೇಡಿ.

ಜಾಲರಿ ಬೇಡ. ಎರಡು ಸಾಲು ಇಟ್ಟಿಗೆ, ನಡುವೆ ಕೆಂಡ. ಕಡ್ಡಿಯ ಎರಡೂ ತುದಿ ಇಟ್ಟಿಗೆ ಮೇಲೆ ಕೂರಬೇಕು, ಮಾಂಸ ಮಾತ್ರ ಕೆಂಡದ ಮೇಲೆ ತೂಗಬೇಕು. ಕೆಂಡಕ್ಕೂ ಮಾಂಸಕ್ಕೂ ನಾಲ್ಕೈದು ಇಂಚು ಅಂತರ. ಕಡ್ಡಿ ನೆನೆಸಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಅರ್ಧ ಗಂಟೆ ನೆನೆಸುತ್ತೇನೆ, ಆದರೆ ಅದು ಅರ್ಧ ಸಮಾಧಾನಕ್ಕೆ. ನೀರು ಐದು ನಿಮಿಷದಲ್ಲಿ ಆರುತ್ತದೆ. ಕಡ್ಡಿ ಉಳಿಯುವುದು ಬರಿಗಡ್ಡಿ ಕೆಂಡದ ಮೇಲೆ ಬರದಿದ್ದರೆ ಮಾತ್ರ. ಮಾಂಸ ಒತ್ತೊತ್ತಾಗಿ ಚುಚ್ಚಿದರೆ ಒಳಗೆ ಬೇಯುವುದಿಲ್ಲ, ಬಿಡಿಬಿಡಿಯಾಗಿ ಚುಚ್ಚಿದರೆ ನಡುವಿನ ಕಡ್ಡಿ ಸುಡುತ್ತದೆ. ತುಂಡಿಗೆ ತುಂಡು ತಾಗಬೇಕು, ಅಮುಕಬಾರದು.

ಮತ್ತೆ ಅಂಗಡಿಯ ದುಂಡು ಕಡ್ಡಿ ತಂದಿರಬೇಕಲ್ಲ? ಅದನ್ನು ತಿರುಗಿಸಿದರೆ ಕಡ್ಡಿ ಮಾತ್ರ ತಿರುಗುತ್ತದೆ, ಮಾಂಸ ಅಲ್ಲೇ ಕೂತಿರುತ್ತದೆ. ಒಂದೇ ಕಡೆ ಸುಡುವುದು ಅದಕ್ಕೇ.

ಮೂರನೇ_ಮಹಡಿ

ನೀವು ನನ್ನ ಬಾಲ್ಕನಿಯಲ್ಲಿ ನಿಂತು ನೋಡಿದ ಹಾಗೆ ಬರೆದಿದ್ದೀರಿ. ಅದೇ ಆಯ್ತು. ಕಡ್ಡಿ ಗಿರಗಿರ ತಿರುಗಿತು, ಕೋಳಿ ಕದಲಲಿಲ್ಲ.

ಚಪ್ಪಟೆ ಕಡ್ಡಿ ಎಲ್ಲಿ ಸಿಗುತ್ತದೆ?

ಜೋರ್ಹಾಟ್_ಎರಡು_ವರ್ಷ

ಅಲ್ಲಿನ ಹಳ್ಳಿಗಳಲ್ಲಿ ಹೆಚ್ಚಿನವರು ಕೊಳ್ಳುವುದಿಲ್ಲ, ಹಿತ್ತಲಿಗೆ ಹೋಗಿ ಹಸಿ ಬಿದಿರು ಕಡಿದು ಕತ್ತಿಯಿಂದ ಸೀಳುತ್ತಾರೆ. ಒಂದು ಅಡಿ ಉದ್ದ, ಕಿರುಬೆರಳಿನ ಅರ್ಧ ಅಗಲ, ಒಂದು ತುದಿ ಚೂಪು. ಹಸಿಯಾದ್ದರಿಂದ ಬೇಗ ಹೊತ್ತುವುದಿಲ್ಲ. ಬಿಸಿಯಾದಾಗ ಅದರ ತುದಿಯಿಂದ ನೊರೆ ನೊರೆಯಾಗಿ ನೀರು ಬರುತ್ತದೆ, ನೋಡುವುದಕ್ಕೇ ಚೆಂದ.

ಸಿಗದಿದ್ದರೆ ಎರಡು ದುಂಡು ಕಡ್ಡಿ ಅಕ್ಕಪಕ್ಕ ಚುಚ್ಚಿ. ಕೆಲಸ ಆಗುತ್ತದೆ.

ಕೊಡಗಿನ_ಮಳೆ

ಮೈಸೂರು, ಬೆಂಗಳೂರಿನ ಬಂಬೂ ಬಜಾರಿನಿಂದ ತಂದು ಸೀಳಲು ಹೋಗಬೇಡಿ. ಕಟ್ಟಡಕ್ಕೆ, ಏಣಿಗೆ ಅಂತ ಮಾರುವ ಬಿದಿರಿಗೆ ಹುಳ ಹಿಡಿಯದ ಹಾಗೆ ಏನಾದರೂ ಹೊಡೆದಿರಬಹುದು. ಇನ್ನೊಂದು, ಕೈಗೆ ಸಿಕ್ಕ ಗಿಡದ ಕೋಲನ್ನು ಚುಚ್ಚಬೇಡಿ. ಪಾರ್ಕು, ರಸ್ತೆ ಬದಿ ಎಲ್ಲಾ ಕಡೆ ಕಣಗಿಲೆ ಇರುತ್ತದೆ. ನೇರ, ನಯ, ಕಡ್ಡಿಗೆ ಹೇಳಿ ಮಾಡಿಸಿದ ಹಾಗೆ. ಅದು ವಿಷ.

ಮಂಡ್ಯದ_ಹೈದ

ಎಲ್ಲಾ ಸರಿ. ಆದರೆ ಸಾಸಿವೆ ಎಣ್ಣೆ? ನಮ್ಮ ಮನೆಯಲ್ಲಿ ಅದನ್ನು ಮಂಡಿನೋವಿಗೆ ಹಚ್ಚುತ್ತೇವೆ ಗುರು. ನನ್ನ ಹೆಂಡತಿ ಕೋಳಿಗೆ ಆ ಎಣ್ಣೆ ಹಾಕುವುದನ್ನು ನೋಡಿ "ಕೋಳಿಗೂ ಕೀಲು ನೋವಾ?" ಅಂದಳು. ಕಡಲೆಕಾಯಿ ಎಣ್ಣೆ ಹಾಕಿದರೆ ಪ್ರಪಂಚ ಮುಳುಗುತ್ತದಾ?

ನಗಾಂವ್_ಸೊಸೆ

ಮುಳುಗುವುದಿಲ್ಲ. ಆದರೆ ಐದರಲ್ಲಿ ಒಂದು ತೆಗೆದರೆ ನಾಲ್ಕೇ ಉಳಿಯಿತು. ಇಷ್ಟು ಕಡಿಮೆ ಸಾಮಾನಿನ ಅಡುಗೆಯಲ್ಲಿ ಒಂದೊಂದೂ ಗೋಡೆ ಇದ್ದ ಹಾಗೆ.

ನಾನೂ ಮೊದಲ ಆರು ತಿಂಗಳು ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಮುಚ್ಚುತ್ತಿದ್ದೆ. ಒಂದು ದಿನ ಅತ್ತೆ ಕೆಂಡದಲ್ಲಿ ಬದನೆಕಾಯಿ ಸುಟ್ಟು, ಸಿಪ್ಪೆ ತೆಗೆದು, ಹಸಿ ಈರುಳ್ಳಿ, ಮೆಣಸಿನಕಾಯಿ, ಉಪ್ಪು ಹಾಕಿ ಕೈಯಲ್ಲೇ ಹಿಸುಕಿ, ಮೇಲೆ ಒಂದು ಚಮಚ ಹಸಿ ಸಾಸಿವೆ ಎಣ್ಣೆ ಬಿಟ್ಟು ಕೊಟ್ಟರು. ಬೆಂಗೆನಾ ಪೊರಾ ಪಿಟಿಕಾ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನಲ್ಲಿ ಒಗ್ಗರಣೆ ತೆಗೆದು ಆ ಘಾಟು ಹಾಕಿದ ಹಾಗೆ. ಅವತ್ತು ಸೋತೆ. ಖೊರಿಕಾ ಜೊತೆಗೆ ಅದೇ ಪಿಟಿಕಾ, ಬಿಸಿ ಅನ್ನ ಇಟ್ಟುಕೊಳ್ಳಿ. ಆಲೂಗಡ್ಡೆ ಪಿಟಿಕಾನೂ ಆಗುತ್ತದೆ. ಹೆಂಡತಿಗೆ ಮೊದಲು ಬದನೆಕಾಯಿ ತಿನ್ನಿಸಿ, ಆಮೇಲೆ ಕೋಳಿ.

ಎಡಿಸನ್_ಕನ್ನಡತಿ

ನ್ಯೂಜೆರ್ಸಿಯಲ್ಲಿರುವವಳು. ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಸಾಸಿವೆ ಎಣ್ಣೆ ಸಿಗುತ್ತದೆ, ಬಾಟಲಿ ಮೇಲೆ "ಹೊರಗೆ ಹಚ್ಚಲು ಮಾತ್ರ" ಅಂತ ಬರೆದಿರುತ್ತದೆ. ಹೈದ ಅವರ ಹೆಂಡತಿಗೆ ಇಲ್ಲಿನ ಸರ್ಕಾರದ ಬೆಂಬಲ ಇದೆ!

ಬಂಗಾಳಿ ಗೆಳತಿಯರು ಅದನ್ನೇ ತಿನ್ನುತ್ತಾರೆ. ನನಗೆ ಧೈರ್ಯ ಇಲ್ಲ. ಬೇರೆ ದಾರಿ ಇದೆಯಾ? ಚಳಿ ಬೇರೆ, ಹಿತ್ತಲಲ್ಲಿ ಹಿಮ. ಒಲೆ ಅಂದರೆ ಓವನ್ ಮಾತ್ರ.

ಲ್ಯಾಬ್_ಕೋಟು

ಆ ಲೇಬಲ್ ಬಂದಿರುವುದು ಎರುಸಿಕ್ ಆಮ್ಲದ ಕಾರಣಕ್ಕೆ. ಸಾಸಿವೆ ಎಣ್ಣೆಯಲ್ಲಿ ಅದು ಜಾಸ್ತಿ. ಇಲಿಗಳ ಮೇಲಿನ ಹಳೆಯ ಪ್ರಯೋಗಗಳಲ್ಲಿ ಹೃದಯದ ಸ್ನಾಯುವಿಗೆ ತೊಂದರೆ ಕಂಡಿತ್ತು, ಹಾಗಾಗಿ ಅಮೆರಿಕದಲ್ಲಿ ಅಡುಗೆ ಎಣ್ಣೆ ಅಂತ ಮಾರಲು ಬಿಡುವುದಿಲ್ಲ. ಇಲ್ಲಿ ಉತ್ತರ, ಪೂರ್ವ ಭಾರತದವರು ತಲೆಮಾರುಗಳಿಂದ ತಿನ್ನುತ್ತಿದ್ದಾರೆ. ನೀವು ಅಲ್ಲಿ ಇರುವಾಗ ಹೊರಗೆ ಹಚ್ಚುವ ದರ್ಜೆಯದ್ದನ್ನು ತಿನ್ನಿ ಅಂತ ನಾನು ಹೇಳುವುದಿಲ್ಲ.

ಘಾಟು ಬೇಕು ಅಷ್ಟೇ ಅಲ್ವಾ? ಅದು ಸಾಸಿವೆ ಕಾಳಿನಲ್ಲೇ ಇದೆ. ಆದರೆ ಕಾಳು ಹಾಗೇ ಇರುವಾಗ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಒಂದು ಕಿಣ್ವ ಕೆಲಸ ಶುರು ಮಾಡಿ ಆ ಘಾಟನ್ನು ಹುಟ್ಟಿಸುತ್ತದೆ. ಎರಡು ಸಣ್ಣ ಚಮಚ ಸಾಸಿವೆ ಕುಟ್ಟಿ, ತಣ್ಣೀರಲ್ಲಿ ಕಲಸಿ, ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಉಪ್ಪು, ಎಣ್ಣೆ ಸೇರಿಸಿ. ಬಿಸಿನೀರು ಹಾಕಿದರೆ ಕಿಣ್ವ ಸತ್ತು ಬರೀ ಕಹಿ ಉಳಿಯುತ್ತದೆ. ಮಲೆನಾಡಿನಲ್ಲಿ ಮಾವಿನಹಣ್ಣಿನ ಸಾಸಿವೆ ಮಾಡುವವರಿಗೆ ಇದು ಗೊತ್ತು. ಅದನ್ನು ಕುದಿಸುವುದಿಲ್ಲ ಯಾಕೆ? ಇದೇ ಕಾರಣ.

ಓವನ್ನಿನಲ್ಲಿ ಮೇಲಿನ ಕಾವು ಮಾತ್ರ ಇಟ್ಟು, ಮೇಲಿನ ತಟ್ಟೆಯಲ್ಲಿ, ಆರು ನಿಮಿಷಕ್ಕೊಮ್ಮೆ ತಿರುಗಿಸಿ. ಹನ್ನೆರಡು ಹದಿನೈದು ನಿಮಿಷ. ಕಡ್ಡಿಯ ತುದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಚುಸ್ ಸದ್ದು ಎಲ್ಲರಿಗೂ ಕೇಳಿಸುವುದಿಲ್ಲ, ಹಾಗಾಗಿ ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ಬಂದಿದೆಯಾ ನೋಡಿ. ಕೋಳಿಯಲ್ಲಿ ಗುಲಾಬಿ ಬಣ್ಣದ ಜೊತೆ ಆಟ ಬೇಡ.

ಇನ್ನು ಮೂರನೇ ಮಹಡಿಯವರಿಗೆ ಒಂದು ಮಾತು, ಇದು ತಮಾಷೆಯದ್ದಲ್ಲ. ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಿದ್ದರೆ ಇನ್ನೊಮ್ಮೆ ಮಾಡಬೇಡಿ. ಹೊಗೆ ನಿಂತ ಮೇಲೂ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿಗೆ ಅಂತ ಇದ್ದಿಲು ಒಲೆಯನ್ನು ಕೋಣೆಗೆ ತಂದು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಪ್ರತಿ ವರ್ಷ ಓದುತ್ತೇವೆ.

ಮೂರನೇ_ಮಹಡಿ

ನಮ್ಮದು ತೆರೆದ ಬಾಲ್ಕನಿ. ಆದರೂ ಮೇಲಿನವರ ಒಗೆದ ಬಟ್ಟೆಗೆಲ್ಲಾ ಹೊಗೆ ಹಿಡಿದು ವಾಟ್ಸಾಪ್ ಗುಂಪಿನಲ್ಲಿ ನನ್ನ ಮನೆ ನಂಬರ್ ಹಾಕಿ ದೊಡ್ಡ ಪಂಚಾಯಿತಿ ಆಯಿತು. ತಪ್ಪು ನನ್ನದೇ. ಈಗ ಟೆರೇಸಿನಲ್ಲಿ, ಮೂಲೆಯಲ್ಲಿ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು ಮಾಡಲು ಒಪ್ಪಿಗೆ ಸಿಕ್ಕಿದೆ. ಶರತ್ತು ಏನೆಂದರೆ ಮೇಲಿನ ಮನೆಗೆ ನಾಲ್ಕು ಕಡ್ಡಿ.

ಸೊಪ್ಪಿನ_ಅಂಗಡಿ

ಸಸ್ಯಾಹಾರಿಗಳು ಇಲ್ಲಿ ಬಂದು ಬರೀ ಹೊಗೆ ಕುಡಿಯಬೇಕಾ?

ನಗಾಂವ್_ಸೊಸೆ

ಅಣಬೆ ಮಾಡಿ. ಚಿಪ್ಪಣಬೆಯನ್ನು ಉದ್ದಕ್ಕೆ ಸೀಳಿ ಮಡಿಸಿ ಚುಚ್ಚಬೇಕು. ಅದೇ ಶುಂಠಿ, ಬೆಳ್ಳುಳ್ಳಿ, ಎಣ್ಣೆ. ಉಪ್ಪು ಮಾತ್ರ ಕೆಂಡದ ಮೇಲಿಡುವ ಮುಂಚೆ, ಇಲ್ಲದಿದ್ದರೆ ನೀರು ಬಿಟ್ಟು ಚಪ್ಪಟೆಯಾಗುತ್ತದೆ. ಐದಾರು ನಿಮಿಷ ಸಾಕು. ಪನೀರ್ ಬೇಡ, ಅದು ಈ ಕಥೆಗೆ ಸೇರಿದ್ದಲ್ಲ.

ಮಂಡ್ಯದ_ಹೈದ

ಖಾರದ ಮಾತು ಯಾರೂ ಎತ್ತಲಿಲ್ಲ. ಅಲ್ಲಿ ಭೂತ ಮೆಣಸು ಅಂತ ಇದೆಯಲ್ಲ? ಅದೇ ಹಾಕಿಬಿಟ್ಟರೆ?

ಜೋರ್ಹಾಟ್_ಎರಡು_ವರ್ಷ

ಭೋತ್ ಜೊಲೊಕಿಯಾ. 2007ರಲ್ಲಿ ಗಿನ್ನೆಸ್‌ನವರು ಜಗತ್ತಿನ ಅತಿ ಖಾರದ ಮೆಣಸು ಅಂದರು, ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಹತ್ತು ಲಕ್ಷ ದಾಟಿತ್ತು. ಆಮೇಲೆ ಬೇರೆ ತಳಿಗಳು ಅದನ್ನು ಹಿಂದೆ ಹಾಕಿವೆ, ಆದರೆ ನಿಮ್ಮ ನಾಲಿಗೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಮುಕ್ಕಾಲು ಕೆಜಿ ಮಾಂಸಕ್ಕೆ ಒಂದು ಮೆಣಸಿನ ಕಾಲುಭಾಗ, ಬೀಜ ತೆಗೆದು, ಕೈಗವಸು ಹಾಕಿ. ಖಾರಕ್ಕಿಂತ ಅದರ ಪರಿಮಳ ದೊಡ್ಡದು, ಹಣ್ಣಿನ ಹಾಗೆ. ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಅದನ್ನು ಹೆಚ್ಚಿ ಕೈ ತೊಳೆದು ಕಣ್ಣು ಉಜ್ಜಿಕೊಂಡ. ಸೋಪಿನಲ್ಲಿ ಎರಡು ಸಲ ತೊಳೆದಿದ್ದ ಪಾಪ.

ಒಂದು ಎಚ್ಚರ, ಅದನ್ನು ಕೆಂಡಕ್ಕೆ ಬೀಳಿಸಬೇಡಿ. ಆ ಹೊಗೆಗೆ ಇಡೀ ಟೆರೇಸು ಖಾಲಿಯಾಗುತ್ತದೆ.

ಎಡಿಸನ್_ಕನ್ನಡತಿ

ಕುಟ್ಟಿದ ಸಾಸಿವೆಯಲ್ಲಿ ಮಾಡಿದೆ. ಹತ್ತು ನಿಮಿಷ ಆದ ಮೇಲೆ ಬಟ್ಟಲು ಮೂಸಿದರೆ ಕಣ್ಣಲ್ಲಿ ನೀರು! ಮಗ ಎರಡು ಕಡ್ಡಿ ತಿಂದು "ಕೆಚಪ್ ಎಲ್ಲಿ" ಅಂದ. ಅವನನ್ನು ಬಿಡಿ. ಹೊಗೆ ಇಲ್ಲ ಅನ್ನುವುದೊಂದೇ ಕೊರತೆ. ಬಟ್ಟಲಲ್ಲಿ ಕೆಂಡ ಇಟ್ಟು ತುಪ್ಪ ಬಿಟ್ಟು ಮುಚ್ಚುತ್ತಾರಲ್ಲ, ಹಾಗೆ ಮಾಡಲಾ?

ಹುಬ್ಬಳ್ಳಿ_ಕೆಂಡ

ತುಪ್ಪ ಬಿಟ್ಟರೆ ದಾಬಾ ವಾಸನೆ ಬರುತ್ತದ್ರೀ. ಹಾಗೇ ಬಿಡಿ. ಹಿಮ ಕರಗಿದ ಮೇಲೆ ಹಿತ್ತಲಲ್ಲಿ ಮಾಡಿ.

ಮೂರನೇ_ಮಹಡಿ

ಸಂಕ್ರಾಂತಿ ಕಳೆದು ಐದು ದಿನ. ವರದಿ ಒಪ್ಪಿಸುತ್ತಿದ್ದೇನೆ.

ಸೆಕ್ಯುರಿಟಿ ಅಣ್ಣ ಮೊನ್ನೆ ಬಂದರು. ರೈಲಿನಲ್ಲಿ ಎರಡೂವರೆ ದಿನ ಕೂತು ಬಂದ ಮುಖ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಎಳ್ಳಿನ ಪಿಠಾ, ನಾಲ್ಕು ಉದ್ದ ನಿಂಬೆಹಣ್ಣು. ನಾನು ಎಳ್ಳು ಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು "ತಿಲ್, ಗುಡ್" ಅಂತ ಗುರುತು ಹಿಡಿದರು. ಅವರ ಪಿಠಾದ ಒಳಗೂ ಅದೇ, ಕರಿ ಎಳ್ಳು ಮತ್ತು ಬೆಲ್ಲ, ಹೊರಗೆ ಅಕ್ಕಿಹಿಟ್ಟಿನ ಸುರುಳಿ.

ನಿನ್ನೆ ಸಂಜೆ ಟೆರೇಸು. ಹುಬ್ಬಳ್ಳಿಯವರು ಹೇಳಿದ ಹಾಗೆ ಇಟ್ಟಿಗೆ ಸಾಲು, ತೆಂಗಿನ ಚಿಪ್ಪಿನ ಇದ್ದಿಲು. ಬೂದಿ ಹೊದೆಯಲು ಅರ್ಧ ಗಂಟೆ ತೆಗೆದುಕೊಂಡಿತು. ಆ ಅರ್ಧ ಗಂಟೆ ನನ್ನ ಜೀವನದ ಅತಿ ಉದ್ದದ ಅರ್ಧ ಗಂಟೆ, ಏಕೆಂದರೆ ಅವರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಏನೂ ಮಾತಾಡದೆ ನೋಡುತ್ತಿದ್ದರು. ಅಂಗೈ ಹಿಡಿದು ಎಣಿಸಿದೆ, ನಾಲ್ಕಕ್ಕೆ ತೆಗೆದೆ. ಎರಡೆರಡು ಕಡ್ಡಿ ಚುಚ್ಚಿದ್ದೆ. ಅದನ್ನು ನೋಡಿ ನಕ್ಕರು, ಆದರೆ ತಲೆಯಾಡಿಸಿದರು.

ಎರಡು ನಿಮಿಷಕ್ಕೊಮ್ಮೆ ತಿರುಗಿಸಿದೆ. ಐದನೇ ನಿಮಿಷಕ್ಕೆ ಕೊಬ್ಬು ಬಿದ್ದು ಉರಿ ಎದ್ದಿತು. ನನ್ನ ಕೈ ನೀರಿನ ಕಡೆ ಹೋಯಿತು. ಅವರು ತಡೆದು, ಆ ಕಡ್ಡಿಗಳನ್ನು ಎತ್ತಿ ಪಕ್ಕದ ಇಟ್ಟಿಗೆ ಮೇಲಿಟ್ಟು, ಉರಿ ತಾನಾಗಿ ಆರುವವರೆಗೆ ಕಾದು ಮತ್ತೆ ಇಟ್ಟರು. ಇದನ್ನು ನಿಮ್ಮಲ್ಲಿ ಯಾರೂ ಬರೆದಿರಲಿಲ್ಲ ನೋಡಿ. ಹದಿಮೂರು ನಿಮಿಷಕ್ಕೆ ಚುಸ್ ಸದ್ದು ಕಡಿಮೆಯಾಯಿತು. ನಾನು ಥರ್ಮಾಮೀಟರ್ ತೆಗೆದೆ, 76 ಇತ್ತು. ಅವರು ಥರ್ಮಾಮೀಟರನ್ನೇ ಕುತೂಹಲದಿಂದ ತಿರುಗಿಸಿ ನೋಡಿದರು, ಕೋಳಿಯನ್ನಲ್ಲ. ಕೋಳಿ ಆಗಿದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಕಡ್ಡಿ ಒಂದೂ ಮುರಿಯಲಿಲ್ಲ. ಮಾಂಸದ ಅಂಚು ಅಲ್ಲಲ್ಲಿ ಕಪ್ಪು, ಉಳಿದದ್ದು ಹೊಂಬಣ್ಣ. ಊರಿನ ನಿಂಬೆ ಹೆಚ್ಚಿದಾಗಲೇ ಟೆರೇಸಿನ ಆ ಮೂಲೆಯೆಲ್ಲಾ ಪರಿಮಳ. ಮಗಳು ನಾಲ್ಕು ಕಡ್ಡಿ ಮುಗಿಸಿದಳು. ಮೇಲಿನ ಮನೆಯವರು ತಮ್ಮ ಪಾಲಿನ ನಾಲ್ಕು ಬಂದ ಮೇಲೆ ಇನ್ನೂ ಇದೆಯಾ ಅಂತ ತಾವೇ ಹತ್ತಿ ಬಂದರು.

ಅಣ್ಣ ಮೂರು ತಿಂದು ನಾಲ್ಕನೆಯದನ್ನು ಕೈಗೆತ್ತಿಕೊಂಡು ಹೇಳಿದರು, "ಭಾಲ್ ಹೊಯ್ಸೆ." ಚೆನ್ನಾಗಿದೆ ಅಂತ. ನನಗೆ ಹಿಗ್ಗು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು, "ಲೋಣ್ ಅಲಪ್ ಕಮ್."

ಉಪ್ಪು ಸ್ವಲ್ಪ ಕಡಿಮೆ.

ಜೋರ್ಹಾಟ್_ಎರಡು_ವರ್ಷ

ಅಳತೆ ನನ್ನದು, ತಪ್ಪೂ ನನ್ನದೇ. ಮುಂದಿನ ಸಲ ಇನ್ನೊಂದು ಅರ್ಧ ಚಮಚ.

ಮಂಡ್ಯದ_ಹೈದ

ನಾನೂ ಮಾಡಿದೆ. ಮಸಾಲೆ ಹಾಕಲಿಲ್ಲ, ಆಣೆ. ಮನೆಯವರು ಬದನೆಕಾಯಿ ಪಿಟಿಕಾ ಪೂರ್ತಿ ಅವರೇ ತಿಂದರು, ಮಂಡಿನೋವಿನ ಬಾಟಲಿ ಈಗ ಅಡುಗೆಮನೆಗೆ ಬಂದಿದೆ. ಹೊಸದು ತಂದೆ, ತಿನ್ನುವ ದರ್ಜೆಯದ್ದು, ಹೆದರಬೇಡಿ.

ತೆಂಗಿನ ಚಿಪ್ಪಿನ ಇದ್ದಿಲು ಮನೆಯಲ್ಲೇ ಮಾಡಬಹುದಾ? ಅಟ್ಟದ ಮೇಲೆ ಎರಡು ಮೂಟೆ ಚಿಪ್ಪು ಇದೆ.

ಹುಬ್ಬಳ್ಳಿ_ಕೆಂಡ

ಮಾಡಬಹುದ್ರೀ. ಹಳೇ ತಗಡಿನ ಡಬ್ಬಿ, ಮುಚ್ಚಳ, ಒಂದಿಷ್ಟು ಹಸಿಮಣ್ಣು ಇದೆಯಾ? ಇದ್ದರೆ ಹೊಸ ಎಳೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.